ಗುಂಡಿ ತೋಡಿ 333ರಿಂದ 332ಕ್ಕೆ: ನನ್ನ ಅನುಭವ

"ಗುಂಡಿ ತೋಡೋದು ತೆಂಗಿನ ಸಸಿ ಇಡೋರ ಕೆಲಸ ಕಣಯ್ಯಾ, ನಮ್ಮದಲ್ಲ" ಅಂದಿದ್ದರು ಸೀನಿಯರ್ ಒಬ್ಬರು. ಮೈಸೂರು ಪಕ್ಕ ದೊಡ್ಡಕಾನ್ಯದ ಕಡೆ ಒಂದು ಮ್ಯಾಗ್ನಸೈಟ್ (ಮೆಗ್ನೀಸಿಯಂನ ಬಿಳಿ ಅದಿರು) ಬ್ಲಾಕ್. ನೆಲದಡಿ ಎಷ್ಟು ಅದಿರಿದೆ ಅನ್ನೋ ಅಂದಾಜು ಎಷ್ಟು ಗಟ್ಟಿ ಅಂತ ಹೇಳೋ ಕೋಡ್‌ಗಳಿವೆ: 333 ಅಂದರೆ ಹೆಚ್ಚುಕಮ್ಮಿ ಊಹೆ, 332 ಅದಕ್ಕಿಂತ ನಂಬಬಹುದಾದ್ದು, 331 ಅಳೆದು ಖಚಿತವಾದದ್ದು. ಆ ಬ್ಲಾಕ್ ಕೊನೆಗೂ 332 ಆಯ್ತು, ಅದೂ ಗುಂಡಿಗಳಿಂದಲೇ. ಅದಕ್ಕೇ ಬರೀತಿದ್ದೇನೆ.

ಮೊದಲು ನಾವೂ ಎಲ್ಲರ ಹಾಗೆ ಬೋರ್ ಹಾಕಿಸಿದೆವು. 50 ಮೀಟರ್ ಗ್ರಿಡ್, 9 ಬೋರ್, ತಲಾ 30 ಮೀಟರ್. ಮೀಟರಿಗೆ 5,000ದ ಹತ್ತಿರ ಬಿತ್ತು. ಸುಮಾರು 13 ಲಕ್ಷ ನೀರಲ್ಲಿ ಹೋಮ. ಬಂಡೆಯ ತುಂಬ ಬಲೆ ಹೆಣೆದ ಹಾಗೆ ಮ್ಯಾಗ್ನಸೈಟಿನ ಎಳೆಗಳು, ನಮ್ಮ ಕೋರ್ (ಬೋರಿಂದ ಹೊರಬರೋ ಕಲ್ಲಿನ ಕಂಬಿ) ಐದು ಸೆಂಟಿಮೀಟರೂ ದಪ್ಪ ಇಲ್ಲ. ತಾಗಿದರೆ ಲಾಟರಿ, ತಪ್ಪಿದರೆ ಸೊನ್ನೆ. 4 ಬೋರಲ್ಲಿ ಏನೂ ಇಲ್ಲ, ಒಂದರಲ್ಲಿ ಮಾತ್ರ ಮುಕ್ಕಾಲು ಮೀಟರ್ ಬೆಳ್ಳಗೆ! ಮೇಲಿನ ಪೊಳ್ಳು ಡ್ಯೂನೈಟಲ್ಲಿ (ಈ ಎಳೆಗಳಿರೋ ಬಂಡೆ ಅದೇ) ಅರ್ಧ ಕೋರ್ ತೊಳೆದೇ ಹೋಯ್ತು. ಬೋರ್ ಬೋರ್ ನಡುವೆ ಹೋಲಿಕೆ ಇದೆಯಾ ಅಂತ ತೋರಿಸೋ ವೇರಿಯೋಗ್ರಾಂ ಹಾಕಿದರೆ ಬರೀ ನಗೆಟ್, ಅಂದರೆ ಒಂದಕ್ಕೊಂದು ಸಂಬಂಧವೇ ಇಲ್ಲ.

ನಡುವೆ ಡ್ರೋನ್ ಹಾರಿಸೋ ಹುಚ್ಚೂ ಹಿಡಿಯಿತು. ಬಿಳಿ ಕಂಡಲ್ಲೆಲ್ಲ ಗುರುತು ಹಾಕಿ ಖುಷಿಪಟ್ಟೆ. ಹೋಗಿ ತಣ್ಣನೆ ಆ್ಯಸಿಡ್ ಹನಿಸಿದರೆ ಬುಸುಬುಸು ನೊರೆ. ಮುಕ್ಕಾಲು ಪಾಲು ಸುಣ್ಣದ ಕಂಕರ್! ಮ್ಯಾಗ್ನಸೈಟ್ ಬಿಸಿ ಆ್ಯಸಿಡ್‌ಗೇ ಸರಿಯಾಗಿ ನೊರೆಯೋದು, ಗೊತ್ತಲ್ವಾ. 40 ಸಾವಿರ ಸುಮ್ನೆ ಹೋಯ್ತು.

ಆಮೇಲೆ 14 ಗುಂಡಿ, 3 ಮೀಟರ್ ಉದ್ದ, 2 ಅಗಲ, 2 ಆಳ. ತೆಗೆದದ್ದನ್ನೆಲ್ಲ ಟಾರ್ಪಾಲಿನ ಮೇಲೆ ಸುರಿದು, 8 ಜನ ಕೂತು ಒಡೆದು, ಆರಿಸಿ, ತೂಗಿದರು. ಒಂದು ತಿಂಗಳ ಕೆಲಸ. ಒಳ್ಳೆ ತುಂಡು ಪಿಂಗಾಣಿಯ ಹಾಗೆ ಚಿಪ್ಪು ಚಿಪ್ಪಾಗಿ ಒಡೆಯುತ್ತದೆ. "ಸಾರ್, ಇದು ಸುತ್ತಿಗೇನೇ ಒದೀತದೆ, ಆ ಕಡೆ ಹಾಕ್ಲಾ?" ಅಂತ ಎರಡನೇ ದಿನವೇ ಕೇಳಿದಳು ಒಬ್ಬಳು ಹೆಂಗಸು. ಹಾಕು ಅಂದೆ. ಲ್ಯಾಬಿಗೆ ಕಳಿಸಿದರೆ ಆ ಕಡೆಯ ರಾಶಿಯಲ್ಲಿ ನಮಗೆ ಬೇಡದ ಸಿಲಿಕಾ 9-10 ಪರ್ಸೆಂಟ್, ಈ ಕಡೆಯದರಲ್ಲಿ 3ಕ್ಕಿಂತ ಕಮ್ಮಿ. ಅವಳ ಸುತ್ತಿಗೆಗೆ ಫೀಸ್ ಕೊಡಬೇಕಿತ್ತು.

ಘನ ಮೀಟರಿಗೆ 90ರಿಂದ 190 ಕೆಜಿ ಮ್ಯಾಗ್ನಸೈಟ್ ಸಿಕ್ಕಿತು, ಸರಾಸರಿ 140ರ ಆಸುಪಾಸು. ಜೆಸಿಬಿ, ಕೂಲಿ, ಲ್ಯಾಬ್ ಎಲ್ಲ ಸೇರಿ 3 ಲಕ್ಷ ದಾಟಲಿಲ್ಲ. ಬೇಲಿ ಹಾಕದ 11ನೇ ಗುಂಡಿಗೆ ಎಮ್ಮೆ ಬಿತ್ತು, ಅದಕ್ಕೆ ಕೊಟ್ಟ 15 ಸಾವಿರ ಇದರಲ್ಲಿ ಸೇರಿಲ್ಲ.

"ಎರಡು ಮೀಟರ್ ಗುಂಡಿ ನೋಡಿ ಆಳದ ಲೆಕ್ಕ ಹೇಗೆ?" ಅಂತ ಕೇಳೇ ಕೇಳ್ತಾರೆ. ಪಕ್ಕದಲ್ಲೇ ಹಳೇ ಕ್ವಾರಿ ಇತ್ತು, ಗೋಡೆ 12 ಮೀಟರ್ ಎತ್ತರ. ಹಗ್ಗ ಕಟ್ಟಿ ಇಳಿದು, ಟೇಪ್ ಹಿಡಿದು ಒಂದೊಂದೇ ಎಳೆ ಅಳೆದೆ. ಗುಂಡಿಯ ಲೆಕ್ಕಕ್ಕೆ ತಾಳೆಯಾಯ್ತು. ಅಷ್ಟು ಆಳಕ್ಕೆ ಮಾತ್ರ 332 ಕೇಳಿದೆ, ಅದರ ಕೆಳಗಿನದನ್ನು 333ರಲ್ಲೇ ಬಿಟ್ಟೆ. ಆಸೆಪಟ್ಟು 331 ಬರೆದಿದ್ದರೆ ಇಡೀ ರಿಪೋರ್ಟ್ ವಾಪಸ್ ಬರುತ್ತಿತ್ತು.

ಮುಂದಿನ ವರ್ಷ ಒಂದು ಮೂಲೆಯಲ್ಲಿ ಟ್ರಯಲ್ ಗಣಿಗಾರಿಕೆ ಮಾಡಿದರು. ನನ್ನ ಅಂದಾಜಿಗೂ ಕೈಗೆ ಬಂದ ಮಾಲಿಗೂ 8 ಪರ್ಸೆಂಟ್ ವ್ಯತ್ಯಾಸ, ಅಷ್ಟೇ. ಸೀನಿಯರ್ ಫೋನ್ ಮಾಡಿ, "ಗುಂಡಿ ಎಲ್ಲೆಲ್ಲಿ ಅಂತ ಹೇಗಯ್ಯಾ ಗುರುತು ಮಾಡಿದೆ?" ಅಂದರು. ಅದನ್ನು ಅವರಿಗೂ ಹೇಳಿಲ್ಲ, ಇಲ್ಲೂ ಬರೆಯಲ್ಲ.