ಎರಡು ಸೂಕ್ಷ್ಮಾಣುಗಳ ಮಿಶ್ರಣಕ್ಕೆ ಪೇಟೆಂಟ್: 3(ಇ) ದಾಟಿಸಿದ ಬಗೆ

ಟ್ರೈಕೋಡರ್ಮಾ, ಸ್ಯೂಡೊಮೊನಾಸ್ ಬೆರೆಸಿದ ಜೈವಿಕ ಶಿಲೀಂಧ್ರನಾಶಕಕ್ಕೆ ಕಾಂಪೊಸಿಷನ್ ಕ್ಲೇಮ್ (ಮಿಶ್ರಣದ ಮೇಲೆಯೇ ಹಕ್ಕು) ಸಿಗೋದಿಲ್ಲ, ತಯಾರಿಕಾ ವಿಧಾನಕ್ಕಷ್ಟೇ ಹಾಕಿ ಎಂದವರೇ ಹೆಚ್ಚು. ಚೆನ್ನೈ ಪೇಟೆಂಟ್ ಕಚೇರಿಯಲ್ಲಿ ನಮ್ಮ ಅರ್ಜಿಗೆ ಕಾಂಪೊಸಿಷನ್ನೇ ಗ್ರಾಂಟ್ ಆಯಿತು, ಅದೂ ಪ್ರೀ-ಗ್ರಾಂಟ್ ಅಪೋಸಿಷನ್ (ಪೇಟೆಂಟ್ ಕೊಡುವ ಮುಂಚೆ ಬೇರೆಯವರು ಹಾಕುವ ತಕರಾರು) ಎದುರಿಸಿ.

ಇಂಥ ಅರ್ಜಿಗಳು ಬೀಳುವುದು ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಇ) ಹೊಡೆತಕ್ಕೆ: ಬರೀ ಮಿಶ್ರಣ ಎಂಬ ಆಕ್ಷೇಪ. ‘ಸಿನರ್ಜಿ ಇದೆ’, ಅಂದರೆ ಎರಡೂ ಸೇರಿದಾಗ ಬಿಡಿಬಿಡಿಯಾಗಿ ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಫಲ ಬರುತ್ತೆ ಎಂದು ಬರೆದುಕೊಂಡರೆ ಯಾರೂ ಒಪ್ಪೋದಿಲ್ಲ. ಒಂದೊಂದನ್ನೇ ಹಾಕಿದ ಕುಂಡಗಳು, ಎರಡೂ ಹಾಕಿದ್ದು, ಏನೂ ಹಾಕದ್ದು, ಎಲ್ಲದರ ಅಂಕಿಯೂ ಫೈಲಿಂಗ್ ದಿನವೇ ಸ್ಪೆಸಿಫಿಕೇಶನ್ನಿನ (ಅರ್ಜಿಯೊಂದಿಗೆ ಕೊಡುವ ಆವಿಷ್ಕಾರದ ವಿವರಣೆ) ಟೇಬಲ್‌ನಲ್ಲಿರಬೇಕು. ಎಫ್‌ಇಆರ್ (ಪೇಟೆಂಟ್ ಕಚೇರಿಯ ಮೊದಲ ಪರಿಶೀಲನಾ ವರದಿ) ಬಂದ ಮೇಲೆ ಅಫಿಡವಿಟ್ ಜೊತೆ ಕೊಟ್ಟರೆ ಎದುರಾಳಿ ಅದನ್ನೇ ಹಿಡಿದು ಜಗ್ಗುತ್ತಾನೆ.

ಲೆಕ್ಕಕ್ಕೆ ಕೋಲ್ಬಿ ಸೂತ್ರ: ಮೊದಲನೆಯದು ತಡೆದು ಉಳಿದ ರೋಗದಲ್ಲಷ್ಟೇ ಎರಡನೆಯದರ ಪಾಲು ಎಣಿಸಬೇಕು. ಒಂದು ಶೇ. 40, ಇನ್ನೊಂದು ಶೇ. 30 ರೋಗ ತಡೆದರೆ ನಿರೀಕ್ಷಿತ ಫಲ 70 ಅಲ್ಲ, 58. ನಮಗೆ 75ರ ಆಸುಪಾಸು ಬಂತು. ಮೊದಲ ಸುತ್ತಿನಲ್ಲಿ ಪೂರ್ಣ ಡೋಸ್ ಹಾಕಿದಾಗ ಏನೂ ಕಾಣಲಿಲ್ಲ. ಒಂಟಿಯಾಗಿಯೇ 90, 80 ತಡೆದರೆ ನಿರೀಕ್ಷೆಯೇ 98ಕ್ಕೆ ಹೋಗುತ್ತೆ, ಅದರ ಮೇಲೆ ತೋರಿಸೋಕೆ ಜಾಗ ಎಲ್ಲಿದೆ? ಡೋಸ್ ಇಳಿಸಿ ಬಾಳೆ ಕುಂಡಗಳಲ್ಲಿ ಮತ್ತೆ ಮಾಡಿಸಿದ್ದಕ್ಕೆ ಲಕ್ಷದ ಮೇಲೆ ಹೋಯಿತು. ಸರ್ಕಾರಿ ಶುಲ್ಕ ಅದರ ಮುಂದೆ ಏನೂ ಅಲ್ಲ: ಸ್ಟಾರ್ಟಪ್‌ಗೆ ಫೈಲಿಂಗ್ 1,600, ಪರಿಶೀಲನೆ ಕೋರುವ ಫಾರ್ಮ್ 18ಕ್ಕೆ 4,000 ರೂಪಾಯಿ. ಡೋಸ್ ಎಷ್ಟಕ್ಕೆ ಇಳಿಸಬೇಕೆಂದು ಹೇಗೆ ಗುರುತಿಸುತ್ತೇನೆ ಎಂಬುದು ನನ್ನಲ್ಲೇ ಇರಲಿ.

ಸ್ಟ್ರೇನ್‌ಗೇ (ಸೂಕ್ಷ್ಮಾಣುವಿನ ನಿರ್ದಿಷ್ಟ ತಳಿ) ಕ್ಲೇಮ್ ಹಾಕಿದರೆ 3(ಸಿ) ಅಡ್ಡ ಬರುತ್ತೆ: ಪ್ರಕೃತಿಯಲ್ಲಿರುವ ಜೀವಿಯನ್ನು ಪತ್ತೆ ಮಾಡಿದ್ದಕ್ಕೆ ಪೇಟೆಂಟ್ ಇಲ್ಲ. ಮಿಶ್ರಣದ ಕ್ಲೇಮ್‌ನೊಳಗೆ, ಸ್ಟ್ರೇನನ್ನು ಸಂಗ್ರಹ ಕೇಂದ್ರದಲ್ಲಿ ಇಟ್ಟಾಗ ಸಿಗುವ ಡಿಪಾಸಿಟ್ ನಂಬರ್ ಸೇರಿಸುವುದು ಮೇಲು. ಚಂಡೀಗಢದ ಸೂಕ್ಷ್ಮಾಣು ಸಂಗ್ರಹ ಕೇಂದ್ರ ಎಂಟಿಸಿಸಿಯಲ್ಲಿ ಸಾಮಾನ್ಯ ಸಂಗ್ರಹದ ನಂಬರ್ ಬೇರೆ, ಪೇಟೆಂಟ್‌ಗಾಗಿ ಇಡುವ ಬುಡಾಪೆಸ್ಟ್ ಒಪ್ಪಂದದಡಿಯ ನಂಬರ್ ಬೇರೆ; ಬೇಕಾದದ್ದು ಎರಡನೆಯದು, ವಿಜ್ಞಾನಿಗಳು ಸಾಮಾನ್ಯವಾಗಿ ಮೊದಲನೆಯದನ್ನೇ ತರುತ್ತಾರೆ. ನಂಬರನ್ನು ಸ್ಪೆಸಿಫಿಕೇಶನ್‌ಗೆ ಸೇರಿಸಲು ಫೈಲಿಂಗ್‌ನಿಂದ ಮೂರು ತಿಂಗಳಿದೆ, ಡಿಪಾಸಿಟ್ ಮಾತ್ರ ಫೈಲಿಂಗ್ ದಿನ ದಾಟುವಂತಿಲ್ಲ. ಸ್ಟ್ರೇನ್ ಸಿಕ್ಕ ಮಣ್ಣು ಯಾವ ಊರಿನದು ಎಂದು ಬರೆಯದಿದ್ದರೆ 25(1)(ಜೆ) ಅಡಿ ಅಪೋಸಿಷನ್‌ಗೆ ಅದೊಂದೇ ಸಾಕು. ಜೀವವೈವಿಧ್ಯ ಪ್ರಾಧಿಕಾರದ ಕೆಲಸ ಈಗ ಹಗುರ: 2024ರ ಏಪ್ರಿಲ್ 1ರಿಂದ ಭಾರತೀಯ ಅರ್ಜಿದಾರರು ಗ್ರಾಂಟ್‌ಗೆ ಮುಂಚೆ ನೋಂದಾಯಿಸಿದರಾಯಿತು, ಅನುಮೋದನೆ ಮಾರಾಟಕ್ಕಿಳಿಯುವಾಗ.

ಗಿಡದ ಬುಡಕ್ಕೆ ಹೊಯ್ಯುವ ವಿಧಾನಕ್ಕೂ ಕ್ಲೇಮ್ ಹಾಕಿ ನೋಡಿದ್ದೆ. ಕೃಷಿ ವಿಧಾನಕ್ಕೆ ಪೇಟೆಂಟ್ ಇಲ್ಲ ಎನ್ನುವ 3(ಎಚ್) ಅದನ್ನು ನುಂಗಿತು.

ಅಪೋಸಿಷನ್‌ನಲ್ಲಿ ಎದುರಾಳಿಯ ತಜ್ಞರು ಹಳೇ ಪೇಪರ್‌ಗಳನ್ನು ಪೋಣಿಸಿದ್ದರು, ಸ್ವಂತ ಪ್ರಯೋಗ ಒಂದೂ ಇರಲಿಲ್ಲ. ಹಿಯರಿಂಗ್ ಮುಗಿದು 15 ದಿನದೊಳಗೆ ಕೊಡುವ ಲಿಖಿತ ವಾದದಲ್ಲಿ ಮೊದಲ ಪುಟಕ್ಕೇ ಕೋಲ್ಬಿ ಟೇಬಲ್ ಹಾಕಿದೆ, ಪಕ್ಕದಲ್ಲಿ ಮೂಲ ಸ್ಪೆಸಿಫಿಕೇಶನ್ನಿನ ಪುಟ ಸಂಖ್ಯೆ. ಆದೇಶದಲ್ಲಿ ಕಂಟ್ರೋಲರ್ (ತೀರ್ಪು ಕೊಡುವ ಪೇಟೆಂಟ್ ಅಧಿಕಾರಿ) ಆ ಟೇಬಲ್ಲನ್ನೇ ಎತ್ತಿ ಬರೆದರು.