ಮರಿಗಳ ಭೇದಿ ಮತ್ತು ಲಾರಿಯ ಚಕ್ರ: ಹಂದಿ ಕೊರೊನಾ ವೈರಸ್ ಜೊತೆ ನನ್ನ ಅನುಭವ

ಹಂದಿಗಳಿಗೆ ಬರುವ ಕೊರೊನಾ ವೈರಸ್ ಒಂದಲ್ಲ, ಆರು. ಟಿಜಿಇ, ಪಿಇಡಿ, ಡೆಲ್ಟಾ ಕೊರೊನಾ, ಸ್ಯಾಡ್ಸ್ ಎಂಬ ನಾಲ್ಕು ಕರುಳನ್ನು ಹಿಡಿಯುತ್ತವೆ. ಇನ್ನೊಂದು ಶ್ವಾಸಕೋಶಕ್ಕೆ ಬರುತ್ತದೆ, ಮತ್ತೊಂದು ನರಗಳಿಗೆ. ಹಂದಿ ಫಾರಂಗಳನ್ನು ನೋಡಿಕೊಳ್ಳುವ ಪಶುವೈದ್ಯನಾಗಿ ನಾನು ಹೆಚ್ಚು ಸೆಣಸಿದ್ದು ಪಿಇಡಿ, ಎಂದರೆ ಹಂದಿಗಳ ಸಾಂಕ್ರಾಮಿಕ ಭೇದಿಯ ಜೊತೆ. ಈ ರೋಗ 1971ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಕಂಡಿತು. 2010ರಲ್ಲಿ ಚೀನಾದಲ್ಲಿ ಹೆಚ್ಚು ಉಗ್ರವಾಗಿ ಮರಳಿತು, 2013ರಲ್ಲಿ ಅಮೆರಿಕಕ್ಕೂ ಕಾಲಿಟ್ಟಿತು.

ಇದು ಬಂದರೆ ಮೊದಲು ತಿಳಿಯುವುದು ಮರಿ ಹಾಕುವ ಕೊಠಡಿಯಲ್ಲಿ. ಮರಿಗಳು ಮೊಸರಿನಂತೆ ಒಡೆದ ಹಾಲನ್ನು ವಾಂತಿ ಮಾಡಿಕೊಂಡಿರುತ್ತವೆ. ಹಿಂಭಾಗವೆಲ್ಲ ಹಳದಿ ನೀರಿನಿಂದ ಒದ್ದೆಯಾಗಿರುತ್ತದೆ. ಚಳಿ ಹಿಡಿದಂತೆ ತಾಯಿಯ ಹೊಟ್ಟೆಗೆ ಅಂಟಿಕೊಂಡು ಒಂದರ ಮೇಲೊಂದು ಬಿದ್ದಿರುತ್ತವೆ. ಬೆಳಿಗ್ಗೆ ಒಂದು ಅಂಕಣದಲ್ಲಿದ್ದದ್ದು ಮಾರನೇ ದಿನ ಇಡೀ ಸಾಲಿಗೆ ಹಬ್ಬಿರುತ್ತದೆ. ಸೋಂಕು ತಗುಲಿ ಒಂದರಿಂದ ನಾಲ್ಕು ದಿನದೊಳಗೆ ಲಕ್ಷಣ ತೋರುವ ರೋಗ ಇದು. ದೊಡ್ಡ ಹಂದಿಗಳು ಮೇವು ಬಿಟ್ಟು, ಒಂದಷ್ಟು ದಿನ ತೆಳ್ಳಗೆ ಕಕ್ಕಸು ಮಾಡಿ, ವಾರದೊಳಗೆ ಚೇತರಿಸಿಕೊಳ್ಳುತ್ತವೆ. ಹುಟ್ಟಿ ವಾರವೂ ಆಗದ ಮರಿಗಳು ಮಾತ್ರ ಹೆಚ್ಚುಕಡಿಮೆ ಎಲ್ಲವೂ ಸಾಯಬಹುದು.

ಒಂದೇ ವೈರಸ್‌ಗೆ ತಾಯಿ ಬದುಕಿ ಮರಿ ಸಾಯುವುದೇಕೆ ಎಂದು ಮಾಲೀಕರು ಕೇಳುತ್ತಾರೆ. ಮಾತಿನಲ್ಲಿ ವಿವರಿಸುವ ಬದಲು ನಾನು ಆಗಷ್ಟೇ ಸತ್ತ ಮರಿಯ ಹೊಟ್ಟೆ ತೆರೆದು ತೋರಿಸುತ್ತೇನೆ. ಜಠರದ ತುಂಬ ಗಟ್ಟಿ ಹಾಲಿನ ಮುದ್ದೆ ಇರುತ್ತದೆ, ಎಂದರೆ ಮರಿ ಕುಡಿದಿದೆ. ಆದರೆ ಸಣ್ಣ ಕರುಳನ್ನು ಬೆಳಕಿಗೆ ಹಿಡಿದರೆ ಗೋಡೆ ಎಷ್ಟು ತೆಳುವಾಗಿರುತ್ತದೆಂದರೆ ಒಳಗಿನ ಹಳದಿ ನೀರು ಹೊರಗಿನಿಂದಲೇ ಕಾಣುತ್ತದೆ. ಆ ಗೋಡೆಯ ಒಳಮೈಯಲ್ಲಿ ಹಾಲಿನ ಸಾರ ಹೀರುವ ವಿಲ್ಲೈ ಎಂಬ ಸೂಕ್ಷ್ಮ ಎಳೆಗಳಿವೆ. ಅವುಗಳ ಮೇಲ್ಪದರದ ಕೋಶಗಳೊಳಗೆ ವೈರಸ್ ಸೇರಿ, ಬೆಳೆದು, ಅವನ್ನೇ ಒಡೆದು ಹೊರಬರುತ್ತದೆ. ಆರೋಗ್ಯವಂತ ಮರಿಯಲ್ಲಿ ಈ ಎಳೆಗಳ ಎತ್ತರ ಬುಡದ ಕುಳಿಗಳ ಆಳದ ಸುಮಾರು ಏಳರಷ್ಟು ಇರುತ್ತದೆ. ರೋಗ ಬಲಿತಾಗ ಅದು ಮೂರರಷ್ಟಕ್ಕಿಂತ ಕೆಳಗಿಳಿಯುತ್ತದೆ. ಹೀರುವ ಜಾಗವೇ ಹೋದಮೇಲೆ ಹಾಲಿನ ಸಕ್ಕರೆ ಜೀರ್ಣವಾಗದೆ ಕರುಳಲ್ಲೇ ಉಳಿಯುತ್ತದೆ, ದೇಹದ ನೀರನ್ನೂ ತನ್ನತ್ತ ಎಳೆದುಕೊಳ್ಳುತ್ತದೆ. ಹೊಟ್ಟೆ ತುಂಬ ಹಾಲಿದ್ದೂ ಮರಿ ನೀರಿಲ್ಲದೆ ಸಾಯುತ್ತದೆ.

ಮೊಲೆ ಬಿಡಿಸಿದ ಮರಿಯಲ್ಲಿ ಈ ಕೋಶಗಳು ಎರಡು ಮೂರು ದಿನಕ್ಕೆ ಹೊಸದಾಗಿ ಬೆಳೆಯುತ್ತವೆ. ಹುಟ್ಟಿದ ಮರಿಗೆ ಐದರಿಂದ ಏಳು ದಿನ ಬೇಕು, ಅಷ್ಟು ದಿನ ಅದು ತಾಳುವುದಿಲ್ಲ. ಸಾವು ಬದುಕಿನ ಲೆಕ್ಕ ಬಹುಪಾಲು ಇಷ್ಟೇ.

ಭೇದಿ ಕಂಡ ಕೂಡಲೇ ಆ್ಯಂಟಿಬಯೊಟಿಕ್ ಚುಚ್ಚುವುದು ಎಲ್ಲೆಡೆ ಇರುವ ಅಭ್ಯಾಸ. ವೈರಸ್‌ಗೆ ಅದು ತಾಗುವುದೇ ಇಲ್ಲ. ನಾನು ಮೊದಲು ಲಿಟ್ಮಸ್ ಕಾಗದ ತೆಗೆಯುತ್ತೇನೆ. ಹಾಲು ಜೀರ್ಣವಾಗದ ಭೇದಿ ಆಮ್ಲೀಯವಾಗಿರುತ್ತದೆ, ಕಾಗದ ಕೆಂಪಿಗೆ ತಿರುಗುತ್ತದೆ. ಇ. ಕೋಲೈ ಬ್ಯಾಕ್ಟೀರಿಯಾದ ಭೇದಿ ಸಾಮಾನ್ಯವಾಗಿ ಕ್ಷಾರೀಯ, ಅದಕ್ಕೆ ಕಾಗದ ನೀಲಿಯಾಗುತ್ತದೆ. ಇದು ದಾರಿ ತೋರಿಸುತ್ತದೆಯೇ ಹೊರತು ತೀರ್ಪಲ್ಲ, ಏಕೆಂದರೆ ರೋಟಾ ವೈರಸ್ ಭೇದಿಯೂ ಆಮ್ಲೀಯವೇ. ತೀರ್ಪು ವೈರಸ್‌ನ ಆನುವಂಶಿಕ ವಸ್ತುವನ್ನೇ ಪತ್ತೆಹಚ್ಚುವ ಆರ್‌ಟಿ-ಪಿಸಿಆರ್ ಪರೀಕ್ಷೆಯದು. ಭೇದಿ ಶುರುವಾದ ಮೊದಲ ದಿನದ ಮಲ ಕಳಿಸಿ. ಕರುಳಿನ ತುಂಡು ಕಳಿಸುವುದಾದರೆ ಸತ್ತ ನಿಮಿಷಗಳೊಳಗೆ ಅದು ಕೆಡದಂತೆ ಕಾಯುವ ಫಾರ್ಮಲಿನ್ ದ್ರಾವಣಕ್ಕೆ ಹಾಕಿ, ಹಳೆಯ ಶವದ ಕರುಳು ತಾನಾಗಿಯೇ ಕರಗಿರುತ್ತದೆ.

ಇನ್ನು ಇದು ಫಾರಂ ಹೊಕ್ಕುವ ಬಗೆ. ಮಲದಿಂದ ಬಾಯಿಗೆ, ಇದೇ ಹೆದ್ದಾರಿ. ಗಾಳಿಯಲ್ಲಿ ವೈರಸ್‌ನ ಜೈವಿಕ ಕುರುಹು ಮೈಲಿಗಟ್ಟಲೆ ದೂರದಲ್ಲೂ ಸಿಕ್ಕಿದೆ ನಿಜ. ವೈರಸ್ ಸೇರಿಕೊಂಡ ಮೇವಿನಿಂದಲೂ ಸೋಂಕು ತಗುಲುತ್ತದೆಂದು ಪ್ರಯೋಗಗಳು ತೋರಿಸಿವೆ. ಆದರೂ ಫಾರಂನಿಂದ ಫಾರಂಗೆ ಹಿಂದಕ್ಕೆ ಜಾಡು ಹಿಡಿದು ಹೋದಾಗ ನನಗೆ ಮತ್ತೆ ಮತ್ತೆ ಎದುರಾದದ್ದು ಲಾರಿ. ಹಂದಿಗಳನ್ನು ಕಸಾಯಿಖಾನೆಗೆ ಇಳಿಸಲು ಹಲವು ಫಾರಂಗಳ ಗಾಡಿಗಳು ಒಂದೇ ಕಟ್ಟೆಗೆ ಬರುತ್ತವೆ. ಶುದ್ಧವಾಗಿ ಹೋದ ಗಾಡಿ ಅಲ್ಲಿ ಸೋಂಕು ಹತ್ತಿಸಿಕೊಂಡು ಮರಳುತ್ತದೆ ಎಂಬುದನ್ನು 2013ರ ಅಮೆರಿಕದ ಹಾವಳಿಯ ಸಮಯದಲ್ಲೇ ಸಂಶೋಧಕರು ಪರೀಕ್ಷಿಸಿ ಕಂಡುಕೊಂಡರು. ನಾನು ಗಾಡಿಯ ಹಿಂಭಾಗ ಮಾತ್ರ ನೋಡುವುದಿಲ್ಲ. ಚಾಲಕನ ಗಂಬೂಟು, ಕ್ಲಚ್ ಮತ್ತು ಬ್ರೇಕ್ ಪೆಡಲು, ಕಾಲ ಕೆಳಗಿನ ಚಾಪೆಯನ್ನೂ ಹತ್ತಿ ಕಡ್ಡಿಯಲ್ಲಿ ಒರೆಸಿ ಪರೀಕ್ಷೆಗೆ ಕಳಿಸುತ್ತೇನೆ. ತೊಳೆದ ಗಾಡಿಯಲ್ಲಿ ತೊಳೆಯದೆ ಉಳಿಯುವ ಜಾಗಗಳು ಅವೇ.

ಈ ವೈರಸ್‌ಗೆ ಕೊಬ್ಬಿನ ಹೊದಿಕೆಯಿದೆ. ಸಾಬೂನು ಅದನ್ನು ಸುಲಭವಾಗಿ ಕರಗಿಸುತ್ತದೆ, ಆದರೆ ಮಲದ ಹೆಂಟೆಯೊಳಗೆ ಅಡಗಿದ್ದರೆ ಯಾವ ಔಷಧವೂ ತಲುಪದು. ಅದಕ್ಕೆ ಮೊದಲು ಕೆರೆದು ತೆಗೆಯಬೇಕು, ಆಮೇಲೆ ಸಾಬೂನು ನೀರು, ಆಮೇಲೆ ತೊಳೆತ, ಒಣಗಿದ ಮೇಲೆ ಕ್ರಿಮಿನಾಶಕ, ಮತ್ತೆ ಒಣಗಿಸುವುದು. ಒಣಗಿಸುವುದನ್ನೇ ಜನ ಬಿಟ್ಟುಬಿಡುತ್ತಾರೆ, ನನಗೆ ಅತಿ ಮುಖ್ಯ ಅನ್ನಿಸುವುದೂ ಅದೇ. ಗಾಡಿಗೆ ಅಂಟಿದ ಮಲದಲ್ಲಿನ ಪಿಇಡಿ ವೈರಸ್ 71 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 10 ನಿಮಿಷಕ್ಕೆ, 20 ಡಿಗ್ರಿಯಲ್ಲಿ ಬಿಟ್ಟರೆ 7 ದಿನಕ್ಕೆ ನಿಷ್ಕ್ರಿಯವಾದದ್ದು ಪ್ರಯೋಗದಲ್ಲಿ ಕಂಡಿದೆ. ಶಾಖದ ಕೋಣೆ ಇಲ್ಲದವರು ಗಾಡಿಯನ್ನು ಖಾಲಿ ನಿಲ್ಲಿಸಲಿ. ಚಳಿ ಮತ್ತು ತೇವ ಇದ್ದಾಗ ವೈರಸ್ ಹೆಚ್ಚು ಕಾಲ ಉಳಿಯುತ್ತದೆ, ಚಳಿಗಾಲದಲ್ಲಿ ಹಾವಳಿ ಜೋರಾಗುವುದೂ ಇದಕ್ಕೇ.

ಒಳಗೆ ಬಂದುಬಿಟ್ಟ ಮೇಲೆ ಮರಿಯ ಮದ್ದು ತಾಯಿಯ ಕೆಚ್ಚಲಲ್ಲಿದೆ. ಹಂದಿಯಲ್ಲಿ ಗರ್ಭದ ಮೂಲಕ ರೋಗನಿರೋಧಕ ಪ್ರತಿಕಾಯಗಳು ಮರಿಗೆ ದಾಟುವುದಿಲ್ಲ, ಮೊದಲು ಗಿಣ್ಣುಹಾಲಿನಿಂದ, ಆಮೇಲೆ ದಿನದಿನದ ಹಾಲಿನಿಂದಲೇ ಸಿಗಬೇಕು. ಕರುಳನ್ನು ಕಾಯುವ ಐಜಿಎ ಪ್ರತಿಕಾಯ ಹಾಲಿಗೆ ಬರಬೇಕಾದರೆ ತಾಯಿಯ ಕರುಳು ವೈರಸ್ಸನ್ನು ಕಂಡಿರಬೇಕು. ಕರುಳಲ್ಲಿ ತರಬೇತಾದ ಕೋಶಗಳು ಕೆಚ್ಚಲಿಗೆ ಹೋಗಿ ಅಲ್ಲಿ ಅದನ್ನು ತಯಾರಿಸುತ್ತವೆ. ಸೋಂಕನ್ನೇ ಕಾಣದ ತಾಯಿಗೆ ಸ್ನಾಯುವಿಗೆ ಲಸಿಕೆ ಚುಚ್ಚಿದರೆ ಈ ರಕ್ಷಣೆ ಸಾಕಷ್ಟು ಬರುವುದಿಲ್ಲ. ಒಮ್ಮೆ ಸೋಂಕಾದ ತಾಯಿಗೆ ಅದೇ ಲಸಿಕೆ ನೆನಪು ಕೆರಳಿಸಿ ನೆರವಾಗುತ್ತದೆ.

ಹಾಗಾಗಿ ಹಾವಳಿ ಖಚಿತವಾದ ಫಾರಂನಲ್ಲಿ, ನಿಯಮ ಅನುಮತಿಸಿದಲ್ಲಿ, ಸೋಂಕಿತ ಮರಿಗಳ ಕರುಳಿನ ವಸ್ತುವನ್ನು ಗಬ್ಬದ ಹಂದಿಗಳಿಗೆಲ್ಲ ಒಟ್ಟಿಗೆ ತಿನ್ನಿಸಿದ್ದೇನೆ. ನೋಡಲು ಕಷ್ಟವಾದ ಕೆಲಸ. ಜತೆಗೆ ಹಂದಿಯ ಗರ್ಭ ಮತ್ತು ಉಸಿರಾಟ ಕೆಡಿಸುವ ಪಿಆರ್‌ಆರ್‌ಎಸ್‌ನಂಥ ಬೇರೆ ರೋಗವನ್ನೂ ಹಂಚಿಬಿಡುವ ಅಪಾಯವಿದೆ, ಆದ್ದರಿಂದ ಪ್ರಯೋಗಾಲಯದ ವರದಿ ಕೈಗೆ ಬರದೆ ನಾನು ಮುಟ್ಟುವುದಿಲ್ಲ. ಎರಡು ವಾರದೊಳಗೆ ಮರಿ ಹಾಕಲಿರುವ ತಾಯಂದಿರಿಗೆ ಹಾಲಿನಲ್ಲಿ ರಕ್ಷಣೆ ಕೂಡಿಬರಲು ಸಮಯ ಸಾಲದು, ಅವುಗಳ ಮರಿಗಳ ನಷ್ಟವನ್ನು ಮೊದಲೇ ಮಾಲೀಕರಿಗೆ ಹೇಳಿಬಿಡುತ್ತೇನೆ. ಸ್ವಲ್ಪ ದೊಡ್ಡ ಮರಿಗಳಿಗೆ ಬೆಚ್ಚಗಿನ ಒಣ ಹಾಸು, ಲವಣದ ನೀರು, ಅಷ್ಟೇ.

ಶ್ವಾಸಕೋಶದ ಕೊರೊನಾ ಬಗ್ಗೆ ಒಂದು ಮಾತು. 1984ರಲ್ಲಿ ಬೆಲ್ಜಿಯಂನಲ್ಲಿ ಗುರುತಿಸಿದ ಇದು ಟಿಜಿಇ ವೈರಸ್ಸೇ, ಕೋಶಕ್ಕೆ ಅಂಟಿಕೊಳ್ಳಲು ಬಳಸುವ ಮುಳ್ಳು ಪ್ರೋಟೀನಿನ ಒಂದು ತುಂಡು ಕಳೆದುಕೊಂಡದ್ದು. ಅಷ್ಟಕ್ಕೇ ಕರುಳಿನ ಹಿಡಿತ ತಪ್ಪಿ ಉಸಿರಿನ ದಾರಿಗೆ ಬಂತು, ರೋಗವೂ ಹಗುರಾಯಿತು. ಇದು ಹಬ್ಬಿದ ಕಡೆ ಹಂದಿಗಳಿಗೆ ಟಿಜಿಇ ವಿರುದ್ಧ ಒಂದಿಷ್ಟು ರಕ್ಷಣೆ ಸಿಕ್ಕಿತು. ನರದ ಕೊರೊನಾ ಮೂಗಿನಿಂದ ನರಗಳ ಗುಂಟ ಮಿದುಳಿಗೆ ಹೋಗುತ್ತದೆ, ಅದರ ವಾಂತಿ ಹೊಟ್ಟೆಯ ಕೆಡುಕಲ್ಲ, ನರದ ಕೆಡುಕು. ಸ್ಯಾಡ್ಸ್ ಚೀನಾದ ಗುವಾಂಗ್‌ಡಾಂಗ್‌ನಲ್ಲಿ 2016ರ ಕೊನೆಯಲ್ಲಿ ಶುರುವಾಗಿ ಸುಮಾರು 25,000 ಮರಿಗಳನ್ನು ಕೊಂದಿತು, ಅದರ ಮೂಲ ಬಾವಲಿ. ಪಿಇಡಿ ಮನುಷ್ಯರಿಗೆ ಬರುವುದಿಲ್ಲ ಎಂದು ಕೆಲಸಗಾರರಿಗೆ ಧೈರ್ಯ ಹೇಳುತ್ತೇನೆ. ಹಂದಿಯ ಡೆಲ್ಟಾ ಕೊರೊನಾ ಮಾತ್ರ ಹೈಟಿಯ ಮೂವರು ಮಕ್ಕಳ ರಕ್ತದಲ್ಲಿ ಸಿಕ್ಕಿದೆ, ಆದ್ದರಿಂದ ಕೈಗವಸು ಬಿಡಬೇಡಿ ಎಂದೂ ಹೇಳುತ್ತೇನೆ.

ಮರಿ ಹಾಕುವ ಕೊಠಡಿಯಲ್ಲಿ ಭೇದಿ ನಿಂತಿತೆಂದರೆ ವೈರಸ್ ಹೋಯಿತೆಂದಲ್ಲ. ಮೊಲೆ ಬಿಟ್ಟ ಮರಿಗಳು ಚೆನ್ನಾಗಿ ಕಾಣುತ್ತಲೇ ವಾರಗಟ್ಟಲೆ ಅದನ್ನು ಮಲದಲ್ಲಿ ಚೆಲ್ಲುತ್ತಿರುತ್ತವೆ. ಅದಕ್ಕೆ ನಾನು ಅವುಗಳ ಕೊಟ್ಟಿಗೆಯಿಂದ ಪದೇ ಪದೇ ಮಲ ತೆಗೆದು ಪರೀಕ್ಷೆಗೆ ಕಳಿಸುತ್ತೇನೆ. ಎಲ್ಲ ಋಣಾತ್ಮಕ ಬಂದ ಮೇಲೂ ಹೊಸ ಹಂದಿಗಳನ್ನು ಗುಂಪಿಗೆ ಒಮ್ಮೆಲೇ ಸೇರಿಸುವುದಿಲ್ಲ, ಕೆಲವನ್ನಷ್ಟೇ ಮೊದಲು ಒಳಗೆ ಬಿಟ್ಟು ಅವುಗಳ ಮಲವನ್ನೂ ನೋಡಿಯೇ ಉಳಿದವಕ್ಕೆ ಬಾಗಿಲು ತೆರೆಯುತ್ತೇನೆ.