ಹಾಲಿನಲ್ಲಿ ಔಷಧ ಶೇಷ: ಪ್ರಾವೀಣ್ಯ ಪರೀಕ್ಷೆಯ ವರದಿಯನ್ನು ಅಳೆದು ನೋಡುವ ಬಗೆ

ಕೆಚ್ಚಲು ಬಾವಿಗೆ ಪೆನಿಸಿಲಿನ್ ಕೊಡಿಸಿದ ಹಸುವಿನ ಹಾಲು ನಿಗದಿತ ದಿನಗಳು ಕಳೆಯುವ ಮೊದಲೇ ತೀರ್ಥಹಳ್ಳಿಯದೋ ಸಾಗರದ್ದೋ ಸಂಘದ ಕ್ಯಾನಿಗೆ ಸೇರಿದರೆ, ಅದನ್ನು ಪತ್ತೆ ಹಚ್ಚಬೇಕಾದದ್ದು ಪ್ರಯೋಗಾಲಯ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ಪೆನಿಸಿಲಿನ್‌ಗೆ ಮಿತಿ ಲೀಟರಿಗೆ ಕೇವಲ 4 ಮೈಕ್ರೊಗ್ರಾಂ. ಇಷ್ಟು ಸೂಕ್ಷ್ಮ ಅಳತೆ ಸರಿಯಿದೆಯೇ ಎಂದು ತಿಳಿಯಲು ಒಂದೇ ಮಾದರಿಯ ಭಾಗಗಳನ್ನು ಹಲವು ಪ್ರಯೋಗಾಲಯಗಳಿಗೆ ಕಳಿಸಿ, ಫಲಿತಾಂಶಗಳನ್ನು ಹೋಲಿಸಿ ಅಂಕ ಕೊಡುತ್ತಾರೆ; ಇದೇ ಪ್ರಾವೀಣ್ಯ ಪರೀಕ್ಷೆ. ಶಿವಮೊಗ್ಗದ ಪ್ರಯೋಗಾಲಯದವರು ತಮ್ಮ ಅಂಕವನ್ನು ನೋಡುವ ಮೊದಲು, ಅಂಕ ಕೊಟ್ಟ ಪರೀಕ್ಷೆಯೇ ಎಷ್ಟು ನಂಬಲರ್ಹ ಎಂಬುದನ್ನು ನೋಡಬೇಕು.

ಸಂಘಟಕರಿಗೆ ಐಎಸ್‌ಒ/ಐಇಸಿ 17043 (ಇಂಥ ಪರೀಕ್ಷೆ ನಡೆಸುವವರಿಗೆ ಇರುವ ಅಂತರರಾಷ್ಟ್ರೀಯ ಮಾನದಂಡ) ಮಾನ್ಯತೆ ಇದೆಯೇ, ನೀವು ಪರೀಕ್ಷಿಸುವ ಔಷಧ ಆ ಮಾನ್ಯತೆಯ ವ್ಯಾಪ್ತಿಯಲ್ಲಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಆಮೇಲೆ ವರದಿಯಲ್ಲಿ ಮಾದರಿಯ ಏಕರೂಪತೆಯ ಲೆಕ್ಕವನ್ನು ಹುಡುಕಿ. ಬಾಟಲಿಯಿಂದ ಬಾಟಲಿಗೆ ಇರುವ ವ್ಯತ್ಯಾಸವು ಅಂಕ ನೀಡಲು ಬಳಸಿದ ಮಾನಕ ವಿಚಲನೆಯ (ಫಲಿತಾಂಶಗಳಲ್ಲಿ ಒಪ್ಪಬಹುದಾದ ಚದುರುವಿಕೆಯ ಅಳತೆ) 0.3 ಪಾಲನ್ನು ಮೀರಬಾರದು. ಮೀರಿದ್ದು ಲೆಕ್ಕಕ್ಕೆ ಸೇರದಿದ್ದರೆ ನಿಮ್ಮ ಅಂಕದಲ್ಲಿ ಅವರ ದೋಷವೂ ಬೆರೆತಿರುತ್ತದೆ. ಪೆನಿಸಿಲಿನ್ ಗುಂಪಿನ ಔಷಧಗಳು ಬೆಚ್ಚಗಿನ ವಾತಾವರಣದಲ್ಲಿ ಬೇಗ ಕ್ಷಯಿಸುತ್ತವೆ. ಆದ್ದರಿಂದ ಮಳೆಗಾಲದಲ್ಲಿ ಘಟ್ಟದ ರಸ್ತೆ ಬಂದಾಗಿ ಪಾರ್ಸೆಲ್ ತಡವಾದರೆ, ತೆರೆದ ಕೂಡಲೇ ಮಾದರಿಯ ಉಷ್ಣತೆಯನ್ನು ದಾಖಲಿಸಿ ಸಂಘಟಕರಿಗೆ ತಿಳಿಸಿ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ನಿಗದಿತ ಮೌಲ್ಯದ ಬಳಿ, ಅಂದರೆ ಮಾದರಿಗೆ ಸರಿಯಾದ ಉತ್ತರವೆಂದು ಸಂಘಟಕರು ಇಟ್ಟುಕೊಂಡ ಸಂಖ್ಯೆಯ ಬಳಿ. ಭಾಗವಹಿಸಿದವರ ಒಮ್ಮತದಿಂದ ಅದನ್ನು ಪಡೆದಿದ್ದು, ಅವರಲ್ಲಿ ಕೆಲವರು ಮರುಪಡೆಯುವಿಕೆಯ ತಿದ್ದುಪಡಿ (ಪರೀಕ್ಷೆಯ ವೇಳೆ ನಷ್ಟವಾಗುವ ಔಷಧದ ಪಾಲನ್ನು ಲೆಕ್ಕದಲ್ಲಿ ಸರಿದೂಗಿಸುವುದು) ಮಾಡಿ ಕೆಲವರು ಮಾಡದಿದ್ದರೆ, ಫಲಿತಾಂಶಗಳು ಎರಡು ಗುಂಪಾಗಿ ಒಡೆದು, ಯಾರೂ ಅಳೆಯದ ನಡುವಿನ ಒಂದು ಸಂಖ್ಯೆಯೇ ಸರಿಯೆಂದು ದಾಖಲಾಗಬಹುದು. ಭಾಗವಹಿಸಿದವರು ಕೆಲವರೇ ಆದಾಗ ಈ ಅಪಾಯ ಇನ್ನೂ ಹೆಚ್ಚು.

ನಿಮ್ಮ ಫಲಿತಾಂಶದಿಂದ ನಿಗದಿತ ಮೌಲ್ಯವನ್ನು ಕಳೆದು ಮಾನಕ ವಿಚಲನೆಯಿಂದ ಭಾಗಿಸಿದರೆ ಬರುವುದು ಝಡ್ ಅಂಕ. ಪ್ಲಸ್-ಮೈನಸ್ ಚಿಹ್ನೆ ಬಿಟ್ಟು ಅದು 2ರೊಳಗಿದ್ದರೆ ತೃಪ್ತಿಕರ, 3 ತಲುಪಿದರೆ ಅತೃಪ್ತಿಕರ, ನಡುವಿನದು ಪ್ರಶ್ನಾರ್ಹ. ಆದರೆ ಈ ಉದಾಹರಣೆ ನೋಡಿ: ಆಕ್ಸಿಟೆಟ್ರಾಸೈಕ್ಲಿನ್‌ನ ನಿಗದಿತ ಮೌಲ್ಯ ಲೀಟರಿಗೆ 100 ಮೈಕ್ರೊಗ್ರಾಂ, ಮಾನಕ ವಿಚಲನೆ 22, ನಿಮ್ಮ ಫಲಿತಾಂಶ 61. ಅಂಕ ಮೈನಸ್ 1.77, ಅಂದರೆ ಉತ್ತೀರ್ಣ. ಹಾಲಿನಲ್ಲಿ ಈ ಔಷಧಕ್ಕೆ ಕೋಡೆಕ್ಸ್ ಮಿತಿ ಲೀಟರಿಗೆ 100 ಮೈಕ್ರೊಗ್ರಾಂ ಆಗಿರುವುದರಿಂದ, ಇದೇ ಕೊರತೆ ದಿನನಿತ್ಯದ ಪರೀಕ್ಷೆಯಲ್ಲೂ ಇದ್ದರೆ ಮಿತಿ ಮೀರಿದ ಎಷ್ಟೋ ಹಾಲು ಒಳ್ಳೆಯದೆಂದು ಪಾಸಾಗುತ್ತದೆ. ಒಂದು ಸುತ್ತಿನ ಅಂಕಕ್ಕೆ ಸಮಾಧಾನಪಡದೆ, ಎಲ್ಲ ಸುತ್ತುಗಳ ಅಂಕಗಳನ್ನೂ ಒಂದೇ ನಕ್ಷೆಯಲ್ಲಿ ಗುರುತಿಸಿ. ಅವು ಸತತವಾಗಿ ಸೊನ್ನೆಯ ಕೆಳಗೇ ಬಿದ್ದಿದ್ದರೆ, ಔಷಧರಹಿತವೆಂದು ಖಚಿತವಾದ ಸ್ಥಳೀಯ ಹಾಲಿಗೆ ತಿಳಿದ ಪ್ರಮಾಣದ ಔಷಧ ಬೆರೆಸಿ, ಎಷ್ಟು ಪಾಲು ಮರಳಿ ಸಿಗುತ್ತದೆಂದು ಅಳೆದು, ನಷ್ಟವಾಗುತ್ತಿರುವುದು ಹೊರತೆಗೆಯುವ ಹಂತದಲ್ಲೋ ಉಪಕರಣದ ಅಳತೆಯನ್ನು ಹೊಂದಿಸಲು ಬಳಸುವ ಮಾಪನಾಂಕ ದ್ರಾವಣದಲ್ಲೋ ಎಂಬುದನ್ನು ಪತ್ತೆ ಮಾಡಿ.